ಬಾಗಿಲಿಗೆ ಆರುನೂರ ನಲವತ್ತು

೮ ಜುಲೈ ೧೯೯೬, ಸೋಮವಾರ. ಎಸ್ಲಿಂಗನ್, ಜರ್ಮನಿ

ಈ ವಾರ ಮೆಟ್ಟಿಲು ಗುಡಿಸುವ ಸರದಿ ಮತ್ತೆ ನನ್ನದು. ಕೆಳಮನೆಯವರು ಸರದಿಯ ಬೋರ್ಡನ್ನು ನಮ್ಮ ಬಾಗಿಲಿಗೆ ತಗುಲಿಸಿ ಹೋಗಿದ್ದಾರೆ. ಹೊಸ ಪೊರಕೆ ಕೊಂಡೆ, ಕಾರಿನಲ್ಲೇ ಮರೆತೆ.

ಆಫೀಸಿನಲ್ಲಿ ಹೊಸ ಸಿಟಿ ಬಸ್ಸಿನ ಟೆಸ್ಟ್. ಎಂಜಿನ್, ಬಾಗಿಲು, ಏಸಿ — ಎಲ್ಲ ಕಂಟ್ರೋಲರ್‌ಗಳೂ ಮಾತಾಡುವುದು ಒಂದೇ ಜೋಡಿ ತಂತಿಯಲ್ಲಿ. ಪ್ರತಿ ಸಂದೇಶದ ತಲೆಗೆ ಒಂದು ನಂಬರ್, ಆಮೇಲೆ ಎಂಟು ಬೈಟ್ ಮಾಹಿತಿ, ಕೊನೆಗೆ ತಪ್ಪು ಹಿಡಿಯುವ ಲೆಕ್ಕ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಚಿಕ್ಕ ನಂಬರಿನದು ಹೋಗುತ್ತದೆ, ದೊಡ್ಡದು ಕಾಯಬೇಕು. ನಿಯಮ ಚೆನ್ನಾಗಿದೆ. ನಂಬರ್ ಹಂಚಿದವರು ಮಾತ್ರ... ಪಾರ್ಕಿಂಗ್ ಜಾಗದ ಹಾಗೆ ದರ್ಜೆ ನೋಡಿ ಹಂಚಿದ್ದಾರೆ. ವೋರ್ನ್ಲೆ ಸಾಹೇಬರ ವಿಭಾಗ ಏಸಿ. ಏಸಿಗೆ ಒಂದರಿಂದ ಮೂವತ್ತು. ಬಾಗಿಲಲ್ಲಿ ಯಾರೋ ಸಿಕ್ಕಿಹಾಕಿಕೊಂಡಿದ್ದಾರೆ ಎನ್ನುವ ಸಂದೇಶಕ್ಕೆ ಆರುನೂರ ನಲವತ್ತು.

೯ ಜುಲೈ

೩೪ ಡಿಗ್ರಿ. ಏಸಿ ಪೂರ್ತಿ ಹಾಕಿದೆ. ಅದರ ಮೂವತ್ತು ಸಂದೇಶಗಳು ಎಡೆಬಿಡದೆ ಹೊರಟವು. ಕಾರಿನಲ್ಲಿದ್ದ ಪೊರಕೆಯ ಕೋಲನ್ನು ಮುಚ್ಚುವ ಬಾಗಿಲಿಗೆ ಅಡ್ಡ ಹಿಡಿದೆ. ಆರುನೂರ ನಲವತ್ತರ ಸರದಿ ಹೊತ್ತಿಗೆ ಬರಲೇ ಇಲ್ಲ. ಲಟಕ್. ಕೋಲು ಎರಡು ತುಂಡು.

ವೋರ್ನ್ಲೆ ಸಾಹೇಬರಿಗೆ ಹೇಳಿದೆ.

"ಸಂದೇಶ ಕಳೆದುಹೋಯ್ತಾ, ಫ್ರಾವ್ ಷೆಂಪ್?"

"ಇಲ್ಲ, ತಲುಪಿತು. ಕೋಲು ಮುರಿದ ಮೇಲೆ."

"ತಲುಪಿತಲ್ಲ, ಮತ್ತೇನು? ಪಟ್ಟಿಗೆ ಏಳು ವಿಭಾಗದವರ ಸಹಿ ಆಗಿದೆ. ಬಿಡಿ."

ಕೋಣನ ಮುಂದೆ ಕಿನ್ನರಿ.

ಸಂಜೆ ಮನೆಗೆ ಬಂದರೆ ಅಮ್ಮ ಬ್ಲೌಸ್ ಇಸ್ತ್ರಿ ಮಾಡುತ್ತಿದ್ದಾಳೆ. ಶುಕ್ರವಾರದ ಪ್ರಯೋಗ ಸವಾರಿಗೆ ಊರಿನ ಇಪ್ಪತ್ತು ಹಿರಿಯರಿಗೆ ಕರೆಯಂತೆ.

"ನಿಮ್ ಸಾಹೇಬ್ರೇ ಫೋನ್ ಮಾಡಿ ಕರೆದ್ರು ಕಣೇ."

"ಹೋಗ್ಬೇಡಮ್ಮ."

"ನೀನ್ ಮಾಡಿದ ಬಸ್ಸಿಗೆ ನಾನ್ ಹತ್ತದೆ ಇನ್ಯಾರ್ ಹತ್ತಬೇಕು?"

ಊರುಗೋಲಿಲ್ಲದೆ ಮೆಟ್ಟಿಲು ಹತ್ತಲಾರಳು. ಬಾಗಿಲಲ್ಲಿ ಅರ್ಧ ನಿಮಿಷವಾದರೂ ನಿಲ್ಲುತ್ತಾಳೆ. ಭಯವಾಗುತ್ತಿದೆ.

೧೧ ಜುಲೈ, ಮಧ್ಯಾಹ್ನ

ಸಾಹೇಬರನ್ನು ಊಟದ ಮಧ್ಯದಿಂದ ಎಬ್ಬಿಸಿ ಬಸ್ಸಿಗೆ ಕರೆತಂದೆ. ಏಸಿ ಪೂರ್ತಿ.

"ಕೋಲು ಇಲ್ಲ. ನಿಮ್ಮ ಕೈ ಇಡಿ."

"ತಮಾಷೆ ಮಾಡ್ತಿದೀರಾ?"

"ನಾಳೆ ನಮ್ಮಮ್ಮ ಇಡ್ತಾರೆ. ಕರೆದದ್ದು ನೀವೇ."

ಅಂಗಿಯ ತೋಳು ಮಡಚಿದರು. ಕೈ ಬಾಗಿಲವರೆಗೂ ಹೋಯಿತು. ತುಂಡಾದ ಕೋಲು ನೆಲದ ಮೇಲೇ ಇತ್ತು, ಕಣ್ಣು ಅದರ ಮೇಲೆ ಬಿತ್ತು. ಕೈ ಜೇಬಿಗೆ ಹೋಯಿತು.

"ಬಾಗಿಲಿಗೆ ಎಷ್ಟು ಬೇಕು?"

"ಒಂದು."

"ಒಂದು ನಂದು."

ಪಟ್ಟಿ ತೆಗೆದು ಪೆನ್ನು ಬಿಚ್ಚಿದೆ.

"...ಬರ್ಕೊಳ್ಳಿ. ಏಸಿಗೆ ಎರಡಾದ್ರೂ ಕೊಡಿ."

ಸಂಜೆ

ಏಳು ಸಹಿಗೆ ಏಳು ಮಹಡಿ ಅಲೆದೆ. ಬಸ್ಸಿನಲ್ಲಿ ನಂಬರ್ ಬದಲಿಸಿದೆ. ಇನ್ನೊಂದು ಪೊರಕೆ ಕೊಂಡೆ. ಏಸಿ ಪೂರ್ತಿ ಹಾಕಿ ಐವತ್ತು ಸಲ ಅಡ್ಡ ಹಿಡಿದೆ. ಮುರಿಯಲಿಲ್ಲ. ಮೆಟ್ಟಿಲು ಗುಡಿಸಿಲ್ಲ. ಕೆಳಮನೆಯವರು ಚೀಟಿ ಅಂಟಿಸಿದ್ದಾರೆ.

೧೨ ಜುಲೈ, ೧೦.೨೦, ಬಸ್ಸಿನಲ್ಲಿ

ಅಮ್ಮ ಎಲ್ಲರಿಗಿಂತ ಮೊದಲು. ಊರುಗೋಲು ಒಳಗೆ, ತಾನು ಬಾಗಿಲಲ್ಲಿ, ಡ್ರೈವರ್ ಜೊತೆ ಬಿಸಿಲಿನ ಮಾತು. ಬಾಗಿಲು ಅವಳ ಭುಜ ಮುಟ್ಟಿತು, ಹಿಂದೆ ಸರಿಯಿತು. ಎದೆ ಹಗುರಾಯಿತು. ಮತ್ತೆ ಮುಟ್ಟಿತು, ಮತ್ತೆ ಸರಿಯಿತು. ಈಗ ಡ್ರೈವರನ ಹೆಂಡತಿಯ ಮಂಡಿನೋವಿನ ವಿಷಯ. ಏಳನೇ ಸಲ. ಹತ್ತೊಂಬತ್ತು ಜನ ಬಿಸಿಲಲ್ಲಿ ನಿಂತಿದ್ದಾರೆ. ದೇವರೇ, ಯಾರಾದರೂ ಈಕೆಯನ್ನು ಒಳಗೆ—