ಆಟದೊಳಗೆ ಹೊತ್ತ ಅರವತ್ತು ಕಿಲೋ ಗುಜರಿ

ನಾಯಂಡಹಳ್ಳಿ,
ಬುಧವಾರ, ೧೨ ನವೆಂಬರ್ ೨೦೨೫

ಪ್ರೀತಿಯ ಮಗಳು ಕವನಾಳಿಗೆ ನಿನ್ನ ಚಿಕ್ಕಪ್ಪನ ಆಶೀರ್ವಾದ.

ಕಾಲಿನ ಬೊಬ್ಬೆ ಒಣಗಿತೇ? ಒಡೆಯದಿದ್ದರೆ ನೀನಾಗಿ ಚುಚ್ಚಬೇಡ. ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿಕೋ. ಅಲ್ಲಿ ಮೂರು ಹೊತ್ತೂ ಚಪಾತಿ ಎಂದು ನೀನು ಬರೆದಿದ್ದೆ. ಮುದ್ದೆ ಇಲ್ಲದೆ ನಿನಗೆ ಕಸುವು ಎಲ್ಲಿಂದ ಬರಬೇಕು? ಇಲ್ಲಿ ನಿಮ್ಮಪ್ಪನ ಸಕ್ಕರೆ ಕಾಯಿಲೆ ಹಿಡಿತದಲ್ಲಿದೆ. ನಿಮ್ಮ ಚಿಕ್ಕಮ್ಮನ ಬಾಯಿ ಮಾತ್ರ ಯಾರ ಹಿಡಿತಕ್ಕೂ ಸಿಕ್ಕಿಲ್ಲ. ನನಗೆ ಕಾಯಿಲೆಯಿಲ್ಲ, ಬರೀ ಸುಸ್ತು. ಅದಕ್ಕೆ ಕಾರಣ ನಿನ್ನ ಆಟ.

ಹೋದ ವಾರದ ಕಾಗದದಲ್ಲಿ ನೀನು ಎರಡು ವಿಷಯ ಬರೆದಿದ್ದೆ. ಅರೆಸೇನೆಯ ಈ ತರಬೇತಿ ಸಾಕಾಗಿದೆ, ಬಿಟ್ಟು ಬಂದುಬಿಡಲೇ, ಅಪ್ಪನಿಗೆ ಮಾತ್ರ ಹೇಳಬೇಡ ಎಂಬುದು ಒಂದು. ನಿನ್ನ ಕಂಪ್ಯೂಟರಿನಲ್ಲಿರುವ ‘ಆಶ್ ಬೆಲ್ಟ್’ ಆಟದ ಮೂರೂ ಭಾಗ ಆಡಿ, ಒಳ್ಳೆಯದು ಕೆಟ್ಟದ್ದು ಬರೆದು ಕಳಿಸು ಎಂಬುದು ಇನ್ನೊಂದು. ನಿಮ್ಮಪ್ಪ ನಿನ್ನ ಯೂನಿಫಾರ್ಮಿನ ಫೋಟೋವನ್ನು ಹಾಲಿನ ಬೂತಿನವನಿಗೂ ತೋರಿಸಿ ಬಂದಿದ್ದಾರೆ. ಹಾಗಿರುವಾಗ ಮೊದಲನೆಯದಕ್ಕೆ ಏನು ಬರೆಯಲಿ? ತಿಳಿಯದೆ ಎರಡನೆಯದನ್ನು ಹಿಡಿದು ಕೂತೆ.

ಊರ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿಯನ್ನು ಮೂರನೇ ಏಟಿಗೆ ಪಾಸು ಮಾಡಿದವನು ನಾನು. ಆದರೂ ಆರೇ ದಿನದಲ್ಲಿ ಬಂದೂಕು ಬದಲಿಸುವುದು, ಬಗ್ಗಿ ನಡೆಯುವುದು, ಗಾಯಕ್ಕೆ ಬಟ್ಟೆ ಸುತ್ತುವುದು ಎಲ್ಲ ಕಲಿತೆ. ಇಲ್ಲಿಂದ ಬಾಪೂಜಿ ನಗರದವರೆಗೆ ನನ್ನ ವಯಸ್ಸಿನವರಲ್ಲಿ ಇಂಥವನು ಇನ್ನೊಬ್ಬನಿದ್ದರೆ ಮೀಸೆ ಬೋಳಿಸುತ್ತೇನೆ. ಆಟದೊಳಗಿನ ಆ ಹಾಳುಬಿದ್ದ ಸೀಮೆಯ ಆಕಾಶ ಕಣೇ, ಅದನ್ನು ಮಾಡಿದವನ ಕೈಗೆ ಚಿನ್ನದ ಬಳೆ ತೊಡಿಸಬೇಕು. ಮಳೆಗೆ ಮುಂಚೆ ಹುಲ್ಲು ಒಂದು ಕಡೆಗೆ ಮಲಗುತ್ತದೆ, ದೂರದಲ್ಲಿ ಬೊಗಳುತ್ತಿದ್ದ ನಾಯಿ ಸುಮ್ಮನಾಗುತ್ತದೆ. ಪಾಳುಬಿದ್ದ ಕಾರ್ಖಾನೆಯೊಳಗೆ ಕಾಲಿಟ್ಟಾಗ ಮೈಸೂರು ರಸ್ತೆಯ ಹಳೇ ಗೋಡೌನಿನ ತುಕ್ಕಿನ ವಾಸನೆಯೇ ಮೂಗಿಗೆ ಬಡಿದಂತಾಯಿತು. ಎಲ್ಲಿಗೆ ಹೋಗು, ಏನು ಮಾಡು ಎಂದು ಯಾರೂ ಹೇಳುವುದಿಲ್ಲ. ಬೆಂಕಿ ಸುತ್ತ ಕೂತವರು ನಾನು ಬಂದರೂ ತಲೆ ಎತ್ತದೆ ತಮ್ಮ ಪಾಡಿಗೆ ಹರಟುತ್ತಿರುತ್ತಾರೆ, ಥೇಟು ನಮ್ಮ ಮೆಟ್ರೋ ಕೆಳಗಿನ ಟೀ ಅಂಗಡಿಯವರ ಹಾಗೆ. ಹೊಟ್ಟೆ ಹಸಿಯುತ್ತದೆ, ನಿದ್ದೆ ಎಳೆಯುತ್ತದೆ, ಬಂದೂಕು ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಇಷ್ಟು ನಿಜವಾಗಿರುವ ಸುಳ್ಳನ್ನು ನಾನು ಕಂಡಿರಲಿಲ್ಲ.

ಹುಳುಕನ್ನೂ ಹೇಳಬೇಕಲ್ಲ. ಮೊದಲ ಭಾಗದ ಶತ್ರುಗಳಿಗೆ ಗೋಡೆಯಾಚೆಗೂ ಕಣ್ಣು. ಪೊದೆಯ ಹಿಂದೆ ಉಸಿರು ಹಿಡಿದು ಕೂತವನನ್ನು ನೂರು ಮಾರು ದೂರದಿಂದ ಹೊಡೆಯುತ್ತಾರೆ. ಎರಡನೆಯದರಲ್ಲಿ ನಡೆದದ್ದೇ ನಡೆದದ್ದು. ಒಂದೇ ನೆಲಮಾಳಿಗೆಯನ್ನು ಮೂರು ಊರಿನಲ್ಲಿ ಇಟ್ಟಿದ್ದಾರೆ, ಗೋಡೆಯ ಬಣ್ಣ ಕೂಡ ಬದಲಿಸಿಲ್ಲ. ಮೂರನೆಯದು ಕಣ್ಣಿಗೆ ಹಬ್ಬ. ಆದರೆ ಸತ್ತವನೊಬ್ಬ ಬಾಗಿಲಲ್ಲಿ ನೆಟ್ಟಗೆ ನಿಂತು ದಾರಿಯನ್ನೇ ಬಿಡಲಿಲ್ಲ, ಮೇಲಾಗಿ ಪರದೆ ಕಪ್ಪಾಗಿ ಎರಡು ಗಂಟೆಯ ನಡಿಗೆ ನೀರುಪಾಲು. ಮೂರು ಭಾಗ ಹುಡುಕಿದರೂ ಒಬ್ಬ ಹೆಂಗಸಿಲ್ಲ ಎಂದು ನಾನು ಗೊಣಗಿದರೆ, ನಿಮ್ಮ ಚಿಕ್ಕಮ್ಮ, “ಅದಕ್ಕೇ ಊರು ಹಾಳಾಗಿರೋದು ಬಿಡಿ” ಅಂದಳು.

ನನ್ನದೂ ಒಂದು ತಪ್ಪಿದೆ. ಮೂವತ್ತು ವರ್ಷ ಗುಜರಿ ಅಂಗಡಿ ನಡೆಸಿದ ಕೈಗೆ ಬಿದ್ದದ್ದನ್ನು ಬಿಟ್ಟು ಬರುವುದು ಗೊತ್ತಿಲ್ಲ. ಮುರಿದ ಬಂದೂಕು, ಖಾಲಿ ಡಬ್ಬ, ತಾಮ್ರದ ತಂತಿ, ಎಲ್ಲವನ್ನೂ ಚೀಲಕ್ಕೆ ತುಂಬಿದೆ. ಹೊರೆ ಅರವತ್ತು ಕಿಲೋ ದಾಟಿದಾಗ ಆಟದೊಳಗಿನ ನಮ್ಮವನು ನಾಲ್ಕು ಹೆಜ್ಜೆಗೊಮ್ಮೆ ಏದುಸಿರು ಬಿಡುತ್ತಾ ನಿಂತ. ನಾಯಿಗಳು ಮುತ್ತಿಕೊಂಡವು. ಪಕ್ಕದಲ್ಲಿ ಕೂತಿದ್ದ ನಿಮ್ಮಪ್ಪ, “ಬಿಸಾಕೋ ಅದನ್ನ ತಿಮ್ಮ, ಓಡೋ!” ಎಂದು ಕೂಗಿದರು. ನಿಮ್ಮ ಚಿಕ್ಕಮ್ಮ ಅಡುಗೆಮನೆಯಿಂದಲೇ, “ಅಂಗಡೀಲಿರೋದು ಸಾಲ್ದು ಅಂತ ಅದರೊಳಗೂ ಹೊರ್ತಿದೀರಾ?” ಅಂದಳು. ತಾಮ್ರ ಕಣೇ, ಹೇಗೆ ಬಿಸಾಡಲಿ? ಒಂಬತ್ತು ಸಲ ಸತ್ತೆ. ಹತ್ತನೇ ಸಲ ಎಲ್ಲವನ್ನೂ ಅಲ್ಲೇ ಸುರಿದು ಓಡಿದೆ, ಬದುಕಿದೆ. ಖುಷಿಯೇನೂ ಆಗಲಿಲ್ಲ. ಕೈ ಸೋತುಹೋಗಿತ್ತು. ನಿಮ್ಮಪ್ಪ, “ಕವನಾ ಆಗಿದ್ರೆ ಮೊದಲ್ನೇ ಸಲವೇ ಓಡಿರೋಳು” ಎಂದು ಎದ್ದು ಹೋದರು.

ಒಟ್ಟಿನಲ್ಲಿ ಹತ್ತಕ್ಕೆ ಏಳು ಅಂಕ. ಹುಳುಕು ತಿದ್ದುವ ತಾಳ್ಮೆ ಅವರಿಗಿದ್ದಿದ್ದರೆ ಒಂಬತ್ತು ಕೊಡುತ್ತಿದ್ದೆ.

ಮನೆದೇವರು ನಿನ್ನ ಕಾಲಿಗೂ ಮನಸ್ಸಿಗೂ ಬಲ ಕೊಡಲಿ. ಚಿಕ್ಕಮ್ಮ ಚಕ್ಕುಲಿ ಕಳಿಸುತ್ತಿದ್ದಾಳೆ, ಜೊತೆಯವರಿಗೂ ಹಂಚು.

ನಿನ್ನ ಚಿಕ್ಕಪ್ಪ,
ತಿಮ್ಮಯ್ಯ

ವಿ.ಸೂ.: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಪೊಲೀಸ್ ತರಬೇತಿಯಲ್ಲಿ ನನ್ನ ಮಂಡಿಚಿಪ್ಪು ಜಾರಿತು, ಸಾಹೇಬರೇ ಕಣ್ಣೀರು ಹಾಕಿ ನನ್ನನ್ನು ಮನೆಗೆ ಕಳಿಸಿದರು ಎಂದು ನಿನಗೆ ಚಿಕ್ಕಂದಿನಿಂದ ಹೇಳುತ್ತಾ ಬಂದೆನಲ್ಲ, ಅದು ಸುಳ್ಳು. ಮಂಡಿಗೆ ಏನೂ ಆಗಿರಲಿಲ್ಲ. ಹದಿನೇಳನೇ ದಿನ ಕಾಂಪೌಂಡು ಹಾರಿ ಓಡಿ ಬಂದೆ. ಬಂದದ್ದಕ್ಕೆ ಯಾವತ್ತೂ ಪೇಚಾಡಿಲ್ಲ. ಆದರೆ ಮೂವತ್ತೆರಡು ವರ್ಷದಿಂದ ಮನೆಯವರು ನೋಡುವಾಗಲೆಲ್ಲ ಕುಂಟಿ ಕುಂಟಿ ದಣಿದಿದ್ದೇನೆ ಕಣೇ. ನಿನ್ನೆ ನಿಮ್ಮಪ್ಪನಿಗೆ ಹೇಳಿಬಿಟ್ಟೆ, ನನ್ನ ವಿಷಯ ಮಾತ್ರ. ನಿನ್ನದರ ಬಗ್ಗೆ ಬಾಯಿ ಬಿಟ್ಟಿಲ್ಲ. ಬಹಳ ಹೊತ್ತು ನನ್ನ ಮಂಡಿಯನ್ನೇ ನೋಡಿದರು. ಆಮೇಲೆ, “ಅವತ್ತೇ ಹೇಳಿದ್ರೆ ಅನ್ನ ಹಾಕ್ತಿರ್ಲಿಲ್ವೇನ್ಲಾ?” ಅಂದರು. ಇರಬೇಕು ಅನ್ನಿಸಿದರೆ ಇರು. ಬರುವುದಾದರೆ ರಾಜೀನಾಮೆ ಬರೆದುಕೊಟ್ಟು, ಗೇಟಿನಿಂದಲೇ ಬಾ, ಅಪ್ಪನಿಗೆ ನೀನೇ ಹೇಳು. ರೈಲು ಯಾವ ದಿನ ಎಂದು ಮೊದಲೇ ತಿಳಿಸು. ಸ್ಟೇಷನ್ನಿಗೆ ನಾವಿಬ್ಬರೂ ಬರುತ್ತೇವೆ.