ಆಪರೇಷನ್ ದಿನ ಓಡಿಹೋದವರಿಗೆ

ಪಾಂಡವಪುರ
೧೪-೮-೧೯೯೬

ಹರ್ಷಿತಳ ಅಪ್ಪನಿಗೆ ನಾಗಲಕ್ಷ್ಮಿ ಬರೆಯುವುದು.

ಕ್ಷೇಮ ಕೇಳುವುದಿಲ್ಲ. ಶೀಳನೆರೆಯಲ್ಲಿ ಅಕ್ಕನ ಮನೆಯೊಳಗೆ ಅಡಗಿ ಕೂತವರು ಎಷ್ಟು ಕ್ಷೇಮವಾಗಿರುತ್ತಾರೆಂದು ನನಗೆ ಗೊತ್ತು.

ಆವತ್ತು ಬೆಳಿಗ್ಗೆ ನಿಮಗೆ ನೀರೂ ಕೊಡಬಾರದೆಂದು ನರ್ಸ್ ಹೇಳಿದ್ದರಿಂದ, ನಿಮ್ಮೆದುರು ಬೇಡವೆಂದು ಹೊರಗೆ ಹೋಗಿ ಕಾಫಿ ಕುಡಿದೆ. ಬರುವಷ್ಟರಲ್ಲಿ ಮಂಚದ ಮೇಲೆ ಆಸ್ಪತ್ರೆಯ ಅಂಗಿ ಮಡಿಸಿಟ್ಟಿತ್ತು. ಆಪರೇಷನ್ನಿಗೆಂದು ಬೋಳಿಸಿದ್ದ ತಲೆಗೆ ನನ್ನ ಟವೆಲ್ ಸುತ್ತಿಕೊಂಡು ಬಸ್ಸು ಹತ್ತಿದ್ದಿರಿ. ಅದು ತಿಳಿಯದೆ ಆಸ್ಪತ್ರೆಯ ಕಕ್ಕಸು, ಮೆಟ್ಟಿಲು, ಹಿತ್ತಲ ಬಾವಿ ಎಲ್ಲ ಕಡೆ, ಬೆಂಗಳೂರಿನಂಥ ಊರಿನಲ್ಲಿ ನಿಮ್ಮ ಹೆಣ ಹುಡುಕಿದೆನಲ್ಲ, ಅದನ್ನು ಮಾತ್ರ ಕ್ಷಮಿಸುವುದಿಲ್ಲ.

ಮುಖಕ್ಕೆ ಕರೆಂಟು ಹೊಡೆದ ಹಾಗೆ ನೋವು ಬಂದಾಗ ಹಲ್ಲಿನದೆಂದು ಒಳ್ಳೆಯ ದವಡೆ ಹಲ್ಲುಗಳನ್ನೇ ಕೀಳಿಸಿಕೊಂಡಿರಿ. ಆಗ ಓಡಲಿಲ್ಲ. ಸ್ಕ್ಯಾನಿನಲ್ಲಿ ಗಡ್ಡೆ ಕಂಡ ಮೇಲೆ ಡಾಕ್ಟರು ಪಕ್ಕದಲ್ಲೇ ಕೂತು ಬಿಡಿಸಿ ಹೇಳಿದರು. ಕ್ಯಾನ್ಸರ್ ಅಲ್ಲ, ಗರ್ಭದಲ್ಲಿದ್ದಾಗಲೇ ಚರ್ಮದ ಚೂರು ತಲೆಯೊಳಗೆ ಸೇರಿ, ಮುತ್ತಿನಂಥ ಬಿಳಿ ಪದರಪದರವಾಗಿ ಬೆಳೆದಿದೆ. ಕಿವಿಯ ಹಿಂದಿನ ಮೂಳೆ ತೆರೆದು ತೆಗೆಯಬೇಕು. ನರಕ್ಕೆ ಅಂಟಿದ ಸಿಪ್ಪೆ ಸ್ವಲ್ಪ ಉಳಿಸಬೇಕಾಗಬಹುದು, ಆ ಕಿವಿ ಮಂದವಾಗಲೂಬಹುದು. ಎಲ್ಲಕ್ಕೂ ತಲೆಯಾಡಿಸಿದಿರಿ.

ನಿನ್ನೆ ನಿಮ್ಮಕ್ಕ ಪುಟ್ಟಗೌರಮ್ಮನವರು ಬಂದು, "ತಲೆ ಬಿಚ್ಚುಸ್ಕೊಂಡು ಬದುಕಿರೋರ್ನ ನೋಡಿದ್ದೀಯೇನಮ್ಮಿ? ನಮ್ಮನೇಲವ್ನೆ, ಎಂಗವ್ನೋ ಅಂಗೇ ಇರ್ಲಿ ಬುಡು" ಎಂದರು. ನೋಡಿದ್ದೇನೆ ಎಂದೆ. ಆಸ್ಪತ್ರೆಯಲ್ಲಿ ಪಕ್ಕದ ವಾರ್ಡಿನಲ್ಲಿದ್ದ ನಾಗಮಂಗಲದ ಚಿಕ್ಕಬೋರಮ್ಮನಿಗೂ ಇದೇ ಗಡ್ಡೆ ತೆಗೆದಿದ್ದಾರೆ. ಬಾಯಿ ಕೊಂಚ ಸೊಟ್ಟಗಾಗಿದೆ. ಆದರೆ ನೀವು ಓಡಿದ ದಿನ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡವಳು ಅವಳೇ. "ಎದ್ರಿಕೆ ಕಣವ್ವ ಅದು. ಎಳ್ಕೊಂಡ್ ಬಾ ಓಗು" ಎಂದಳು.

ಹಾಗೇ ಇರಲಿ ಎಂದರೆ ಗಡ್ಡೆ ಹಾಗೇ ಇರುತ್ತದೆಯೇ? ಈಗಾಗಲೇ ಮರಗೆಲಸಕ್ಕೆ ಉಳಿ ಹಿಡಿದರೆ ಕೈ ತಪ್ಪುತ್ತದೆ, ನಡೆದರೆ ಗೋಡೆ ಹಿಡಿಯುತ್ತೀರಿ. ಬೇರೆಯವರ ತೊಲೆಗೆ ಗೆದ್ದಲು ಹತ್ತಿದರೆ ಇವತ್ತೇ ತೆಗೆಸಿ ಎಂದು ಬಯ್ಯುವವರು ನೀವು.

ಡಾಕ್ಟರು ಬಯ್ಯಲಿಲ್ಲ. ಸೋಮವಾರ ಕರೆತಂದರೆ ಮತ್ತೆ ದಿನ ಕೊಡುತ್ತೇನೆ ಎಂದರು. ಭಾನುವಾರ ನಾನು ಶೀಳನೆರೆಗೆ ಬರುತ್ತೇನೆ. ಅಟ್ಟ ಹತ್ತಿ ಕೂತರೂ ಇಳಿಸುತ್ತೇನೆ. ಒಂದು ಕಿವಿ ಹೋದರೆ ಹೋಗಲಿ, ನನ್ನ ಬೈಗುಳ ಕೇಳಲು ಇನ್ನೊಂದು ಸಾಕು.

ಇನ್ನೂ ಸಿಟ್ಟು ಇಳಿಯದ
ನಾಗಲಕ್ಷ್ಮಿ

ತಾ.ಕ.: ಖಾಲಿ ಮಂಚ ಕಂಡಾಗ ಮೊದಲು ಬಂದದ್ದು ಸಿಟ್ಟಲ್ಲ. ಸದ್ಯ, ಇವತ್ತು ಇವರ ತಲೆ ಕೊಯ್ಯುವುದಿಲ್ಲವಲ್ಲ ಎಂದು ಆ ಮಂಚದ ಮೇಲೇ ಕೂತುಬಿಟ್ಟೆ. ಇದನ್ನು ನಿಮ್ಮಕ್ಕನಿಗೆ ಓದಿ ಹೇಳಬೇಡಿ.