ಸಾಕ್ಷಿಗೆ ನನ್ನನ್ನು ಕರೆಯಬೇಡಿ

ವಾಡಿ

ಪೂಜ್ಯ ಪಾಸ್ಟರ್ ಜಯಶೀಲ ಅಯ್ಯನವರಿಗೆ ತಲೆಬಾಗಿ ವಂದನೆ.

ಭಾನುವಾರ ಶಹಾಬಾದಿನ ಪ್ರಾರ್ಥನಾ ಕೂಟದಲ್ಲಿ, ದೇವರು ನನ್ನನ್ನು ಬದಲಿಸಿದನೆಂದು ಸಾಕ್ಷಿ ಹೇಳಲು ನನ್ನನ್ನು ಕರೆಯಬೇಡಿ. ನಾಟಕ ಕಂಪನಿಯಲ್ಲಿ ರಾಜನಾಗಿ ಗರ್ಜಿಸಿದ ಗಂಟಲಿದು! ‘ಹೆಂಡತಿಯನ್ನು ಹೊಡೆದ ಈ ಪಾಪಿಯ ಕೈಯನ್ನು ಕರ್ತನು ತೊಳೆದನು!’ ಎಂದು ಕಳೆದ ಸಲ ನಾನು ಮೊಳಗಿದಾಗ ಸಭೆಯೆಲ್ಲ ಅತ್ತಿತು, ನೀವೂ ಕಣ್ಣೊರೆಸಿಕೊಂಡಿರಿ. ಹೆಂಗಸರ ಸಾಲಿನಲ್ಲಿ ನನ್ನ ಸುಗುಣಾ ಮಾತ್ರ ತಲೆ ತಗ್ಗಿಸಿ ಕೂತಿದ್ದಳು.

ನಿನ್ನೆ ಚಹಾ ಆರಿತ್ತೆಂದು ಅದೇ ಕೈ ಮತ್ತೆ ಎದ್ದಿತು. ಆಮೇಲೆ ನಾನು ಮೊಣಕಾಲೂರಿ ದೊಡ್ಡ ದನಿಯಲ್ಲಿ ಪ್ರಾರ್ಥನೆ ಶುರುಮಾಡಿದೆ. ಅವಳು ಬಾತ ಕೆನ್ನೆ ಹಿಡಿದುಕೊಂಡು ಅಂದಳು: “ಸಾಕ್ ಮಾಡ್ರಿ ನಿಮ್ಮ ನಾಟಕ. ಮಾಫಿ ದೇವ್ರು ಕೊಡ್ತಾನ್ರಿ, ಖರೆ. ಹೊಡಿಯೋದು ಯಾರು ಬಿಡ್ಬೇಕು? ಅದೂ ದೇವ್ರೇ ಏನ್?”

ನಂಬಿದರೆ ರಕ್ಷಣೆ ಎಂದು ನೀವು ಸಾರಿದ್ದನ್ನು ಕೇಳಿಸಿಕೊಂಡೆ, ಪಾಪ ಬಿಟ್ಟು ದೇವರ ಕಡೆಗೆ ತಿರುಗಿಕೊಳ್ಳಿ ಎಂದದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವಳು ಚಿತ್ತಾಪುರಕ್ಕೆ, ಅಕ್ಕನ ಮನೆಗೆ ಹೋಗಿದ್ದಾಳೆ. ‘ಕ್ಷಮಿಸಮ್ಮ, ಗಂಡನ ಮನೆಗೆ ಹೋಗು’ ಎಂದು ದಯವಿಟ್ಟು ಅವಳಿಗೆ ಬುದ್ಧಿ ಹೇಳಬೇಡಿ. ನಾನು ಬದಲಾದೆನೆಂದು ನಾನೇ ಬಂದು ಅತ್ತರೂ ನಂಬಬೇಡಿ. ಅವಳು ಹೇಳಿದರೆ ನಂಬಿರಿ.

ತಲೆ ಎತ್ತಲಾರದ,
ಯೋಹಾನ